ಕೊಳವೆಗೊಂದು ಕಾಸು: ಚರ್ಚ್ ಆರ್ಗನ್ನಿನ ಜೀರ್ಣೋದ್ಧಾರ ಮತ್ತು ವಂತಿಗೆಯ ಚರಿತ್ರೆ

ಗಡಿನಾಡಿನ ಮಾತು ಬಂದಾಗ ನಾವು ಸಾಮಾನ್ಯವಾಗಿ ಶಾಲೆ, ಶಾಸನ, ಆಯೋಗದ ವರದಿ ಇವುಗಳನ್ನೇ ಹಿಡಿದು ಮಾತಾಡ್ತೇವೆ. ನಾನು ಇವತ್ತು ಸ್ವಲ್ಪ ಪಕ್ಕದ ದಾರಿ ಹಿಡಿಯುತ್ತೇನೆ. ವಿಷಯ ಚರ್ಚಿನ ಪೈಪ್ ಆರ್ಗನ್. ಅದನ್ನು ರಿಪೇರಿ ಮಾಡಿಸಲು ಜನ ಹಣ ಕೂಡಿಸಿದ ಬಗೆ. ಇದಕ್ಕೂ ಗಡಿನಾಡ ಕನ್ನಡಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಬಳಸುವವರು ಕಡಿಮೆಯಾದ ಮೇಲೂ ಒಂದು ವಸ್ತುವನ್ನು ಯಾರು, ಯಾಕೆ, ಯಾವ ದುಡ್ಡಿನಲ್ಲಿ ಉಳಿಸಿಕೊಳ್ಳಬೇಕು ಅನ್ನುವ ಪ್ರಶ್ನೆ ಎರಡು ಕಡೆಯೂ ಒಂದೇ.

ಮೊದಲು ವಾದ್ಯದ ಬಗ್ಗೆ ಎರಡು ಮಾತು. ಆರ್ಗನ್ ಅಂದರೆ ಗಾಳಿಯ ಯಂತ್ರ. ತಿದಿ ಗಾಳಿ ತುಂಬುತ್ತದೆ, ಆ ಗಾಳಿ ಒಂದು ಪೆಟ್ಟಿಗೆಯಲ್ಲಿ ಒಂದೇ ಒತ್ತಡದಲ್ಲಿ ನಿಲ್ಲುತ್ತದೆ, ಮಣೆ ಒತ್ತಿದಾಗ ಕವಾಟ ತೆರೆದು ಒಂದು ಕೊಳವೆಗೆ ಗಾಳಿ ಹೋಗುತ್ತದೆ. ಒಂದು ಕೊಳವೆ, ಒಂದು ಸ್ವರ. ಹಾಗಾಗಿ ಸಾಧಾರಣ ಆರ್ಗನ್ನಿನಲ್ಲೂ ನೂರಾರು ಕೊಳವೆ, ದೊಡ್ಡದರಲ್ಲಿ ಸಾವಿರಾರು. ಕೆಲವು ಕೊಳಲಿನ ಹಾಗೆ ಬಾಯಿಂದ ನುಡಿಯುತ್ತವೆ, ಕೆಲವಕ್ಕೆ ಒಳಗೆ ಹಿತ್ತಾಳೆಯ ನಾಲಗೆ ಇರುತ್ತದೆ. ಕೆಡುವುದು ಮೊದಲು ಕಣ್ಣಿಗೆ ಕಾಣದ ಭಾಗ. ತಿದಿಯ ಚರ್ಮ ಒಣಗಿ ಬಿರಿಯುತ್ತದೆ, ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಸೀಳುತ್ತದೆ, ಇಲಿ ಮತ್ತು ಗೆದ್ದಲು ತಮ್ಮ ಪಾಲು ತಗೊಳ್ತವೆ. ದುರಸ್ತಿಯೆಂದರೆ ಪ್ರತಿ ಕೊಳವೆಯನ್ನೂ ಇಳಿಸಿ, ಒರೆಸಿ, ಸರಿಪಡಿಸಿ, ಮತ್ತೆ ನಿಲ್ಲಿಸಿ ಶ್ರುತಿ ಮಾಡುವುದು. ಖರ್ಚಿನ ದೊಡ್ಡ ಪಾಲು ಕೈಕೆಲಸದ ಕೂಲಿ. ಇದೇ ಕಾರಣಕ್ಕೆ ನಮ್ಮ ಕಡೆಯ ಬಹುಪಾಲು ಚರ್ಚುಗಳಿಗೆ ಪೈಪ್ ಆರ್ಗನ್ ಬರಲೇ ಇಲ್ಲ. ಬೆಂಗಳೂರಿನ ಸೇಂಟ್ ಆಂಡ್ರೂಸ್ ಚರ್ಚಿನಲ್ಲಿ 1881ರ ಆರ್ಗನ್ ಇರುವುದು ಅಪರೂಪದ ಸಂಗತಿ. ಉಳಿದ ಕಡೆ ಹಾರ್ಮೋನಿಯಂ ಬಂತು. ಅಗ್ಗ, ಹೊತ್ತುಕೊಂಡು ಹೋಗಬಹುದು, ಕೆಟ್ಟರೆ ಊರಿನವರೇ ಬಿಚ್ಚಿ ನೋಡ್ತಾರೆ.

ಈಗ ಚರಿತ್ರೆಗೆ ಬರೋಣ. 1707ರಲ್ಲಿ ಜರ್ಮನಿಯ ಮ್ಯೂಲ್‌ಹೌಸೆನ್ ಪಟ್ಟಣದ ಒಂದು ದೊಡ್ಡ ಭಾಗ ಬೆಂಕಿಗೆ ಆಹುತಿಯಾಯಿತು. ಅದಾದ ಸ್ವಲ್ಪ ದಿನಕ್ಕೆ ಅಲ್ಲಿನ ಸೇಂಟ್ ಬ್ಲಾಸಿಯಸ್ ಚರ್ಚಿಗೆ ಆರ್ಗನ್ ವಾದಕನಾಗಿ ಬಂದವನು ಯೋಹಾನ್ ಸೆಬಾಸ್ಟಿಯನ್ ಬಾಖ್, ಇಪ್ಪತ್ತೆರಡರ ಹುಡುಗ. 1708ರ ಆರಂಭದಲ್ಲಿ ಅವನು ಆರ್ಗನ್ನಿನ ದುರಸ್ತಿಗೆ ಒಂದು ಪಟ್ಟಿ ಬರೆದು ಕೊಟ್ಟ. ಮೊದಲ ಕಲಮಿನಲ್ಲೇ ಗಾಳಿ ಸಾಲದು, ಹೊಸ ತಿದಿಗಳು ಬೇಕು ಅಂತ ಇದೆ. ಆಮೇಲೆ ಯಾವ ಸ್ಟಾಪ್ ಕೆಟ್ಟಿದೆ, ಯಾವುದು ಹೊಸದಾಗಿ ಬೇಕು ಅನ್ನುವ ವಿವರ. ಪಟ್ಟಿಯಲ್ಲಿ ಗಂಟೆಗಳ ಒಂದು ಸಾಲೂ ಇತ್ತು. ಅದು ಬೇಕೆಂದು ಕೇಳಿದವರು ಆ ಸಭೆಯ ಜನರೇ, ಅದರ ಖರ್ಚನ್ನು ತಾವೇ ಹೊರುತ್ತೇವೆ ಅಂದವರೂ ಅವರೇ. ಊರು ಸುಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ನಗರಸಭೆ ಒಪ್ಪಿತು. ಬಾಖ್ ಮಾತ್ರ ಅದೇ ವರ್ಷ ವೈಮಾರಿಗೆ ಹೊರಟುಹೋದ. ವಾದಕ ಹೋದರೂ ಕೆಲಸ ನಿಲ್ಲಲಿಲ್ಲ. ಪಟ್ಟಿ ಬರಹದಲ್ಲಿತ್ತು, ಹಣ ಒಪ್ಪಿಗೆಯಾಗಿತ್ತು.

ಎರಡನೆಯ ಉದಾಹರಣೆ ನಮಗೆ ಹತ್ತಿರದ್ದು, ಯಾಕಂದರೆ ಅದು ನಮ್ಮಂಥದೇ ಹವೆಯ ದೇಶ. ಫಿಲಿಪ್ಪೀನ್ಸಿನ ಮನಿಲಾ ಪಕ್ಕದ ಲಾಸ್ ಪಿನ್ಯಾಸ್‌ನಲ್ಲಿ ದಿಯೆಗೊ ಸೆರಾ ಎಂಬ ಸ್ಪ್ಯಾನಿಷ್ ಪಾದ್ರಿ 1816ರಲ್ಲಿ ಬಿದಿರಿನ ಆರ್ಗನ್ ಕಟ್ಟಲು ತೊಡಗಿದರು. ಕಡಿದ ಬಿದಿರನ್ನು ಕಡಲ ಮರಳಿನಲ್ಲಿ ಹೂತಿಟ್ಟು, ಹುಳು ಹಿಡಿಯದೆ ಉಳಿದದ್ದನ್ನು ಮಾತ್ರ ಬಳಸಿದರು. 1824ಕ್ಕೆ ಕೆಲಸ ಮುಗಿಯಿತು. ಒಟ್ಟು 1031 ಕೊಳವೆ, ಅದರಲ್ಲಿ 902 ಬಿದಿರಿನವು. ಭೂಕಂಪ, ಚಂಡಮಾರುತ ಎರಡೂ ಹೊಡೆದು 19ನೆಯ ಶತಮಾನದ ಕೊನೆಗೆ ಅದು ಮೂಕವಾಯಿತು. 20ನೆಯ ಶತಮಾನದ ಆರಂಭದಲ್ಲಿ ಅರೆಬರೆ ದುರಸ್ತಿ ನಡೆಯಿತು. ಪೂರ್ತಿ ಜೀರ್ಣೋದ್ಧಾರ ಆದದ್ದು 1973ರಿಂದ 1975ರ ನಡುವೆ, ಜರ್ಮನಿಯ ಬಾನ್ ನಗರದ ಕ್ಲೈಸ್ ಕಾರ್ಖಾನೆಯಲ್ಲಿ. ಅಲ್ಲಿನ ಒಣ ಚಳಿಗೆ ಬಿದಿರು ಸೀಳದಿರಲೆಂದು ಫಿಲಿಪ್ಪೀನ್ಸಿನ ಸೆಕೆ, ತೇವ ಎರಡನ್ನೂ ಕಾಯ್ದುಕೊಂಡ ಕೋಣೆಯನ್ನೇ ಏರ್ಪಡಿಸಿದರು.

ವಾದ್ಯ ಊರಿಗೆ ಮರಳಿದ ಮರುವರ್ಷ, 1976ರಲ್ಲಿ, ಅಲ್ಲಿ ಅಂತರರಾಷ್ಟ್ರೀಯ ಬಿದಿರು ಆರ್ಗನ್ ಉತ್ಸವ ಶುರುವಾಯಿತು. ಅದು ವರ್ಷವರ್ಷವೂ ನಡೆಯುವ ಉತ್ಸವವಾಗಿ ಬೆಳೆಯಿತು. ಮುಂದೆ ಆ ಊರಿನವರೇ ಯುರೋಪಿಗೆ ಹೋಗಿ ಕಸುಬು ಕಲಿತು ಬಂದು, ಸೆರಾ ಅವರ ಹೆಸರಿನಲ್ಲೇ ಆರ್ಗನ್ ಕಟ್ಟುವ ಕಾರ್ಯಾಗಾರ ತೆರೆದರು. ಮೊದಲ ಸಲ ವಾದ್ಯ ಹೊರದೇಶಕ್ಕೆ ಹೋಗಬೇಕಾಯಿತು. 2003ರ ಹೊತ್ತಿಗೆ ಮತ್ತೆ ದುರಸ್ತಿ ಬೇಕಾದಾಗ ಅದನ್ನು ಮಾಡುವ ಕೈಗಳು ಊರಲ್ಲೇ ಇದ್ದವು. ಹಣ ಕೂಡಿಸುವ ಸಮಿತಿಗಳು ಮರೆಯುವುದು ಇದನ್ನೇ. ಇವತ್ತಿನ ಬಿಲ್ ಕಟ್ಟುವುದು ಒಂದು ಕೆಲಸ, ಮೂವತ್ತು ವರ್ಷದ ನಂತರದ ಬಿಲ್ಲಿಗೆ ಕೈ ತಯಾರು ಮಾಡುವುದು ಇನ್ನೊಂದು.

ಮೂರನೆಯ ಉಪಾಯ ಕೊಳವೆಯನ್ನು ದತ್ತು ಕೊಡುವುದು. ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ ಚರ್ಚಲ್ಲ, ಸಭಾಂಗಣ. ಆದರೆ ಅಲ್ಲಿನ ಆರ್ಗನ್ನಿನ 7866 ಕೊಳವೆಗಳ ಜೀರ್ಣೋದ್ಧಾರಕ್ಕೆ, 2014ರಲ್ಲಿ ಅದು ಮತ್ತೆ ನುಡಿಯುವ ಮೊದಲು, ಒಂದೊಂದು ಕೊಳವೆಗೂ ದಾನಿಗಳನ್ನು ಹುಡುಕಿದರು. ಸಣ್ಣ ಕೊಳವೆಗೆ ಸಣ್ಣ ಬೆಲೆ, ದೊಡ್ಡದಕ್ಕೆ ದೊಡ್ಡದು. ಜೊತೆಗೆ ಲಾಟರಿ ನಿಧಿಯ ದೊಡ್ಡ ನೆರವೂ ಇತ್ತು. ಹಲವು ಚರ್ಚುಗಳು ಇದೇ ದಾರಿ ಹಿಡಿದಿವೆ. ಲಕ್ಷಗಟ್ಟಲೆ ಬೇಕು ಅಂದರೆ ಜನ ಹೆದರಿ ಹಿಂದೆ ಸರೀತಾರೆ. ಈ ಒಂದು ಸ್ವರ ನಿಮ್ಮದು ಅಂದರೆ ಜೇಬಿಗೆ ಕೈ ಹಾಕ್ತಾರೆ. ಹನಿ ಹನಿ ಕೂಡಿದರೆ ಹಳ್ಳ ಅನ್ನುವ ನಮ್ಮ ಗಾದೆಯ ಲೆಕ್ಕ ಇದೇ.

ಈ ಹನಿಯ ಲೆಕ್ಕ ನೇರವಾಗಿ ನಮ್ಮ ಗಡಿನಾಡಿಗೆ ಬಂದು ಸೇರುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಬಗ್ಗೆ ನಮಗೆಲ್ಲ ಗೊತ್ತು. 1841ರ ಮುದ್ರಣಾಲಯ, 1865ರ ಹೆಂಚಿನ ಕಾರ್ಖಾನೆ, 1894ರ ಕಿಟ್ಟೆಲ್ ನಿಘಂಟು. ಅದಕ್ಕೆ ಹಣ ಎಲ್ಲಿಂದ ಬಂತು? ಶ್ರೀಮಂತರ ದಾನ ಇತ್ತು, ನಿಜ. ಆದರೆ 1850ರ ದಶಕದ ಮಧ್ಯದಲ್ಲಿ ಬಾಸೆಲ್ಲಿನ ರೇಷ್ಮೆ ಪಟ್ಟಿಯ ಉದ್ಯಮಿ ಕಾರ್ಲ್ ಸರಾಸಿನ್ ಅರೆ ಬಾಟ್ಸೆನ್ ವಂತಿಗೆ ಅನ್ನುವ ಏರ್ಪಾಟು ಶುರು ಮಾಡಿದರು. ವಾರಕ್ಕೆ ಅರೆ ಬಾಟ್ಸೆನ್, ಅಂದರೆ ಐದು ಸಾಂತೀಮಿನ ಚಿಲ್ಲರೆ. ಹತ್ತು ಮಂದಿಗೊಬ್ಬರು ಸಂಗ್ರಾಹಕರು. ಕೆಲಸದಾಳು, ರೈತ, ವಿಧವೆ ಯಾರೂ ಕೊಡಬಹುದು. ಕೊಟ್ಟವರ ಕೈಗೆ ಮಿಷನ್ನಿನ ಸುದ್ದಿಯ ಚಿಕ್ಕ ಪತ್ರಿಕೆ ಬರುತ್ತಿತ್ತು. ದುಡ್ಡು ಈ ಕಡೆ ಬಂದರೆ ಸುದ್ದಿ ಆ ಕಡೆ ಹೋಗುತ್ತಿತ್ತು. ವಂತಿಗೆ ವರ್ಷಗಟ್ಟಲೆ ನಿಲ್ಲದೆ ನಡೆದದ್ದರಲ್ಲಿ ಆ ಸುದ್ದಿಯ ಪಾಲು ದೊಡ್ಡದು ಅಂತ ನನ್ನ ಅಭಿಪ್ರಾಯ.

ಆ ಹಣ ತಲುಪಿದ ಜಾಗಗಳಲ್ಲಿ ನೀಲಗಿರಿಯ ಕೇತಿ ಒಂದು. ಮದರಾಸಿನ ನಿವೃತ್ತ ಅಧಿಕಾರಿ ಕಾಸಮೇಜರ್ ಬಡಗರಿಗಾಗಿ ಅಲ್ಲಿ ಶಾಲೆ ತೆರೆದು, 1849ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಮಿಷನ್ನಿಗೆ ಬಿಟ್ಟರು. ಬಡಗರ ನಡುವೆ ಮಿಷನ್ ಓದಿಸಿದ್ದು, ಹಾಡಿಸಿದ್ದು ಕನ್ನಡದಲ್ಲಿ. ಜರ್ಮನ್ ರಾಗಕ್ಕೆ ಕನ್ನಡದ ಮಾತು ಕೂಡಿಸಿದ ಕೀರ್ತನೆಗಳು ಮಂಗಳೂರಿನಲ್ಲಿ ಅಚ್ಚಾಗಿ ಬೆಟ್ಟ ಹತ್ತಿದವು. ಆಮೇಲೆ ಶಾಲೆಯ, ಕಚೇರಿಯ ಭಾಷೆ ತಮಿಳಾಯಿತು, ಆರಾಧನೆಯೂ ಅದರ ಹಿಂದೆ ಹೋಯಿತು. ಬಾರಿಸುವವರಿಲ್ಲದ ಆರ್ಗನ್ನಿನ ಪಾಡೂ ಓದುವವರಿಲ್ಲದ ಕೀರ್ತನೆ ಪುಸ್ತಕದ ಪಾಡೂ ಬೇರೆಯಲ್ಲ.

ವಂತಿಗೆ ನಮಗೆ ಹೊರಗಿನಿಂದ ಬಂದ ವಿದ್ಯೆ ಏನಲ್ಲ. ಕರಾವಳಿಯ ಸಭೆಗಳಲ್ಲಿ ಸುಗ್ಗಿಯ ಹಬ್ಬಕ್ಕೆ ತೆಂಗು, ಬಾಳೆಗೊನೆ, ಕೋಳಿ ತಂದು ಏಲಂ ಮಾಡ್ತಾರೆ. ಗೋವಾದ ಪಣಜಿಯಲ್ಲಿ ಮನೆಮನೆಯ ಒಂದೊಂದು ಹಿಡಿ ಅಕ್ಕಿಯಿಂದ ಹುಟ್ಟಿದ ವಿದ್ಯಾಸಂಸ್ಥೆಗೆ ಮುಷ್ಟಿಫಂಡ್ ಅಂತಲೇ ಹೆಸರು.

ಹಾಗಾದರೆ ಈ ಉದಾಹರಣೆಗಳಿಂದ ತೆಗೆದುಕೊಳ್ಳಬೇಕಾದದ್ದು ನಾಲ್ಕು. ಮೊದಲು ಪಟ್ಟಿ, ಆಮೇಲೆ ಹಣ. ದೊಡ್ಡ ಮೊತ್ತವನ್ನು ಹೆಸರಿಡಬಲ್ಲ ಚಿಕ್ಕ ತುಂಡುಗಳಾಗಿ ಒಡೆಯಬೇಕು. ಕೊಟ್ಟವರಿಗೆ ಲೆಕ್ಕವೂ ಸುದ್ದಿಯೂ ಮುಟ್ಟಬೇಕು. ಕಡೆಗೆ, ಮುಂದಿನ ದುರಸ್ತಿಗೆ ಊರಿನ ಕೈ ತಯಾರಾಗಬೇಕು. ನೀಲಗಿರಿ, ಕಾಸರಗೋಡು, ಸೊಲ್ಲಾಪುರಗಳ ಹಳೆಯ ಸಭೆಗಳಲ್ಲಿ ಕನ್ನಡದ ಜ್ಞಾನಸ್ನಾನದ ದಫ್ತರ, ಸಮಾಧಿಯ ಬರಹ, ಕೀರ್ತನೆ ಪುಸ್ತಕ ಏನೇನು ಉಳಿದಿದೆ ಅನ್ನುವ ಪಟ್ಟಿಯನ್ನು ನಾವು ವಿದ್ಯಾರ್ಥಿಗಳೇ ಶುರು ಮಾಡಬಹುದು. ಅದಕ್ಕೆ ಅನುದಾನ ಬೇಡ, ಬಸ್ ಚಾರ್ಜು ಸಾಕು.

ಸಭೆಯಿಂದ ಪ್ರಶ್ನೆ: ಗಡಿಯ ಕನ್ನಡ ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರೇ ಸಿಗದಿರುವಾಗ ಹಳೆ ವಾದ್ಯಕ್ಕೆ, ಹಳೆ ಪುಸ್ತಕಕ್ಕೆ ದುಡ್ಡು ಹಾಕುವುದು ಸರಿಯಾ?

ಉತ್ತರ: ನ್ಯಾಯವಾದ ಪ್ರಶ್ನೆ. ಎರಡರಲ್ಲಿ ಒಂದನ್ನೇ ಆರಿಸು ಅಂದರೆ ನಾನೂ ಮೇಷ್ಟ್ರನ್ನೇ ಆರಿಸ್ತೀನಿ. ಆದರೆ ಮೇಷ್ಟ್ರನ್ನು ಕೊಡಬೇಕಾದದ್ದು ಸರ್ಕಾರ, ಅದು ನಮ್ಮ ಹಕ್ಕು, ಅದಕ್ಕೆ ವಂತಿಗೆ ಎತ್ತಿದರೆ ಸರ್ಕಾರ ಕೈ ತೊಳೆದುಕೊಳ್ಳುತ್ತದೆ. ದಫ್ತರ, ಕೀರ್ತನೆ, ವಾದ್ಯ ಇವನ್ನು ಯಾವ ಸರ್ಕಾರವೂ ಕೇಳುವುದಿಲ್ಲ. ಜೊತೆಗೆ ಇನ್ನೊಂದು ಮಾತು. ಈ ಊರಲ್ಲಿ ಕನ್ನಡ ಇತ್ತು ಅಂತ ತೋರಿಸಲು ನಾಳೆ ದಾಖಲೆ ಕೇಳಿದಾಗ, ಮೇಷ್ಟ್ರ ಬೇಡಿಕೆಗೂ ಆಧಾರವಾಗುವುದು ಆ ದಫ್ತರವೇ. ಗೆದ್ದಲು ಹಿಡಿಯುವ ಮೊದಲು ಅದನ್ನು ಎಣಿಸಿಟ್ಟುಕೊಳ್ಳೋಣ ಅನ್ನುವುದಷ್ಟೇ ನನ್ನ ವಾದ.