ಪದವಿಯ ಮಾನ್ಯತೆ: ಚಿತ್ರದುರ್ಗ ಸೀಮೆಯಿಂದ ಒಂದು ಅವಲೋಕನ

ಹಿರಿಯೂರು ತಾಲ್ಲೂಕಿನ ಆದಿವಾಲದಂಥ ಗ್ರಾಮದಿಂದ ಜಿಲ್ಲೆಯ ಕಾಲೇಜುಗಳಿಗೆ ಹೋಗಿ ಓದಿದ ಮೂರು ತಲೆಮಾರಿನವರ ಪದವಿಪತ್ರಗಳನ್ನು ಒಟ್ಟಿಗೆ ಇರಿಸಿದರೆ ಮೂರು ಮುದ್ರೆಗಳು ಕಂಡಾವು: ಮೊದಲು ಮೈಸೂರು, 1987ರ ಅನಂತರ ಕುವೆಂಪು, 2009ರ ಅನಂತರ ದಾವಣಗೆರೆ ವಿಶ್ವವಿದ್ಯಾನಿಲಯ. ಕಾಲೇಜು ಇದ್ದಲ್ಲಿಯೇ ಇದ್ದರೂ ಅದರ ಪದವಿಗೆ ಬೆಲೆ ಕಟ್ಟುವ ಅಧಿಕಾರ ಸ್ಥಳಾಂತರಗೊಂಡಿದೆ. ಈ ಅಧಿಕಾರ ಯಾರದು ಎಂಬ ಪ್ರಶ್ನೆ ನಮ್ಮ ನಾಡಿನಲ್ಲಿ ಹೊಸದೇನಲ್ಲ.

ಚಿತ್ರದುರ್ಗವನ್ನೂ ಒಳಗೊಂಡಿದ್ದ ಮೈಸೂರು ಸಂಸ್ಥಾನದ ಮಹಾರಾಜ ಕಾಲೇಜು ಹಾಗೂ ಬೆಂಗಳೂರಿನ ಸೆಂಟ್ರಲ್ ಕಾಲೇಜು 1916ರವರೆಗೆ ಮದರಾಸು ವಿಶ್ವವಿದ್ಯಾನಿಲಯದ ಸಂಯೋಜನೆಯಲ್ಲಿದ್ದವು. ವೆಚ್ಚ ಸಂಸ್ಥಾನದ್ದು, ಪರೀಕ್ಷೆ ಮತ್ತು ಪದವಿ ಬ್ರಿಟಿಷ್ ಪ್ರಾಂತ್ಯದವು. 1904ರ ಭಾರತೀಯ ವಿಶ್ವವಿದ್ಯಾನಿಲಯಗಳ ಅಧಿನಿಯಮವು ಸಂಯೋಜನೆಯ ಷರತ್ತುಗಳನ್ನು ಬಿಗಿಗೊಳಿಸಿತು. 1916ರ ಜುಲೈನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬ್ರಿಟಿಷ್ ಇಂಡಿಯಾದ ಹೊರಗಿನ ಮೊದಲ ವಿಶ್ವವಿದ್ಯಾನಿಲಯ ಮೈಸೂರಿನಲ್ಲಿ ಸ್ಥಾಪಿತವಾಯಿತು. ಎಚ್.ವಿ. ನಂಜುಂಡಯ್ಯನವರು ಅದರ ಪ್ರಥಮ ಕುಲಪತಿಗಳು.

ಖಾಸಗಿ ಸಂಸ್ಥೆಗಳ ವಿಚಾರದಲ್ಲಿ ಮಣಿಪಾಲದ ನಿದರ್ಶನ ಹೆಚ್ಚು ಗಮನಾರ್ಹ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ ದಕ್ಷಿಣ ಕನ್ನಡ ಮದರಾಸು ರಾಜ್ಯದಲ್ಲಿತ್ತು. ಆದರೂ ಅದರ ಸಂಯೋಜನೆ ದೊರೆತದ್ದು ಆಗ ಮುಂಬಯಿ ರಾಜ್ಯದಲ್ಲಿದ್ದ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಿಂದ. ಏಕೀಕರಣಕ್ಕೆ ಮೊದಲೇ ಪದವಿಪತ್ರವೊಂದು ಎರಡು ಕನ್ನಡ ಪ್ರದೇಶಗಳನ್ನು ಬೆಸೆದಿತ್ತೆನ್ನಬಹುದು. ಮುಂದೆ ಮೈಸೂರು, ಬಳಿಕ ಮಂಗಳೂರು ವಿಶ್ವವಿದ್ಯಾನಿಲಯಗಳ ಆಶ್ರಯದಲ್ಲಿದ್ದು, 1993ರಲ್ಲಿ 1956ರ ಯು.ಜಿ.ಸಿ. ಅಧಿನಿಯಮದ 3ನೆಯ ಕಲಮಿನನ್ವಯ ಅದು ಪರಿಗಣಿತ ವಿಶ್ವವಿದ್ಯಾನಿಲಯದ ಭಾಗವಾಯಿತು. ಅದೇ ಅಧಿನಿಯಮದ 22ನೆಯ ಕಲಮು ಪದವಿ ನೀಡುವ ಹಕ್ಕನ್ನು ಶಾಸನಬದ್ಧ ಹಾಗೂ ಪರಿಗಣಿತ ವಿಶ್ವವಿದ್ಯಾನಿಲಯಗಳಿಗೂ ಸಂಸತ್ತು ವಿಶೇಷವಾಗಿ ಅಧಿಕಾರವಿತ್ತ ಸಂಸ್ಥೆಗಳಿಗೂ ಮೀಸಲಿಟ್ಟಿದೆ.

ಮಾನ್ಯತೆಯೊಡನೆ ಹೊಣೆಯೂ ಬರುತ್ತದೆಯೇ? ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯದ ಮುಂದಿರಿಸಿದ್ದು ಕರ್ನಾಟಕವೇ. ಶುಲ್ಕಪಟ್ಟಿ ಹೀಗಿತ್ತು: 1989ರ ಸರ್ಕಾರಿ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂ., ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000 ರೂ.ವರೆಗೆ, ಹೊರರಾಜ್ಯದವರಿಗೆ 60,000 ರೂ.ವರೆಗೆ. ಮೋಹಿನಿ ಜೈನ್ ಪ್ರಕರಣದಲ್ಲಿ (1992) ನ್ಯಾಯಾಲಯವು, ರಾಜ್ಯವು ಮಾನ್ಯತೆ ನೀಡುವಾಗ ತನ್ನ ಸಾಂವಿಧಾನಿಕ ಹೊಣೆಯನ್ನು ನೆರವೇರಿಸುವ ಸಾಧನವೊಂದನ್ನೇ ನಿರ್ಮಿಸುತ್ತದೆಂದು ತರ್ಕಿಸಿ, ಇಂಥ ಹೆಚ್ಚುವರಿ ವಸೂಲಿಯನ್ನು ಕ್ಯಾಪಿಟೇಷನ್ ಶುಲ್ಕವೆಂದೇ ಪರಿಗಣಿಸಿತು. ಮರುವರ್ಷವೇ ಉನ್ನಿಕೃಷ್ಣನ್ ತೀರ್ಪು ಈ ನಿಲುವನ್ನು ಮೊಟಕುಗೊಳಿಸಿತು, 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠವು ಅನುದಾನರಹಿತ ಸಂಸ್ಥೆಗಳ ಸ್ವಾಯತ್ತತೆಯನ್ನು ವಿಸ್ತರಿಸಿತು. ಮೊದಲ ತೀರ್ಪಿನ ತರ್ಕವೇ ವಿದ್ಯಾರ್ಥಿಗೆ ಹೆಚ್ಚು ಹತ್ತಿರವಾದುದೆಂಬುದು ಈ ಲೇಖಕನ ಅಭಿಮತ.

ಖಾಸಗಿ ವಿಶ್ವವಿದ್ಯಾನಿಲಯಗಳಿಗೆ ರಾಜ್ಯ ಶಾಸನ ಮಾಡಬಹುದಾದರೂ ಅದು ಹೆಸರಿಗಷ್ಟೇ ಇರಲಾಗದೆಂದು 2005ರಲ್ಲಿ ಛತ್ತೀಸಗಢದ ಪ್ರಕರಣ ತಿಳಿಸಿತು.

ವಿದೇಶಿ ಪದವಿಗಳ ಸಮಾನತೆಯನ್ನು ಬಹುಕಾಲ ನಿರ್ಧರಿಸುತ್ತಿದ್ದುದು, 1925ರ ಅಂತರ ವಿಶ್ವವಿದ್ಯಾನಿಲಯ ಮಂಡಳಿಯಿಂದ ಬೆಳೆದ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ. 2025ರ ಏಪ್ರಿಲ್‌ನ ನಿಯಮಾವಳಿಯಿಂದ ಯು.ಜಿ.ಸಿ. ಈ ಕಾರ್ಯವನ್ನು ತನ್ನ ವ್ಯಾಪ್ತಿಗೆ ತಂದುಕೊಂಡಿತು. ಫ್ರಾಂಚೈಸಿ ಪದವಿಗಳಿಗೆ ಸಮಾನತೆಯಿಲ್ಲ. ಆದರೆ 2023ರ ನಿಯಮಾವಳಿಯನ್ವಯ ಭಾರತದಲ್ಲಿಯೇ ಕ್ಯಾಂಪಸ್ ತೆರೆಯುವ ವಿದೇಶಿ ವಿಶ್ವವಿದ್ಯಾನಿಲಯದ ಪದವಿಗೆ ಪ್ರತ್ಯೇಕ ಸಮಾನತಾ ಪತ್ರ ಬೇಕಿಲ್ಲ. 2025ರಲ್ಲಿ ಬೆಂಗಳೂರಿನ ಕ್ಯಾಂಪಸ್‌ಗಾಗಿ ಆಶಯಪತ್ರ ಪಡೆದ ಲಿವರ್‌ಪೂಲ್ ವಿಶ್ವವಿದ್ಯಾನಿಲಯವೂ ಈ ನಿಯಮದಡಿಯದು. ಅಂಥ ಪದವಿಪತ್ರದ ಮೇಲೆ ಇರುವುದು ಮಾತೃಸಂಸ್ಥೆಯ ಹೆಸರು ಮತ್ತು ಮುದ್ರೆ. 1916ಕ್ಕೆ ಮುಂಚೆ ಸೆಂಟ್ರಲ್ ಕಾಲೇಜಿನ ಪದವೀಧರನ ಪತ್ರದ ಮೇಲೆ ಮದರಾಸಿನ ಮುದ್ರೆ ಇದ್ದಂತೆ.