ಹೊರುವ ಕಬ್ಬಿಣದ ಚರಿತ್ರೆ

ಟೇಕಲ್ಲಿನ ಚರಿತ್ರೆ ಓದಲು ಕಲ್ಲು ಸಾಕು ಎಂದು ನಾವು ನಂಬಿದ್ದೇವೆ. ಮಾಲೂರು ತಾಲ್ಲೂಕಿನ ಈ ಊರಿನ ಸುತ್ತ ಬಂಡೆಬೆಟ್ಟಗಳಿವೆ, ವರದರಾಜಸ್ವಾಮಿ ದೇವಾಲಯವಿದೆ, ಹದಿನೈದನೆಯ ಶತಮಾನದ ಸಾಳುವ ಗೋಪರಾಜನ ಹೆಸರು ಹೇಳುವ ಶಾಸನಗಳಿವೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಜಿಲ್ಲೆಯ ಸಂಪುಟ 1905ರಲ್ಲಿ ಬಂತು. ಅದನ್ನು ತೆರೆದಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ: ಕಟ್ಟಿಸಿದವರ, ದಾನ ಕೊಟ್ಟವರ ಹೆಸರು ಉಳಿಯಿತು. ಕಲ್ಲು ಹೊತ್ತು ತಂದ ಗಾಡಿ ಎಲ್ಲಿ ಹೋಯಿತು? ಮರ ಗೆದ್ದಲಿನ ಪಾಲಾಯಿತು, ಕಬ್ಬಿಣ ತುಕ್ಕಿನ ಪಾಲಾಯಿತು. ಹೊತ್ತವರ ಚರಿತ್ರೆ ಬರೆಯಬೇಕಾದರೆ ತುಕ್ಕಿನ ಚರಿತ್ರೆಯನ್ನೂ ಬರೆಯಬೇಕಾಗುತ್ತದೆ.

ಎತ್ತಿನ ಗಾಡಿಯ ನಂತರ ಇಲ್ಲಿಗೆ ರೈಲು ಬಂತು. ಜೋಲಾರಪೇಟೆಯಿಂದ ಬೆಂಗಳೂರು ದಂಡು ಪ್ರದೇಶದವರೆಗಿನ ಹಳಿ 1864ರಲ್ಲಿ ತೆರೆಯಿತು. ಟೇಕಲ್ ಆ ದಾರಿಯಲ್ಲಿದೆ. ಆಮೇಲೆ ಲಾರಿ, ಬಸ್ಸುಗಳ ಕಾಲ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರಲ್ಲಿ 120 ಬಸ್ಸುಗಳೊಂದಿಗೆ ಹುಟ್ಟಿತು. ಬಸ್ಸು ಮತ್ತು ಲಾರಿ ಅಣ್ಣತಮ್ಮಂದಿರು. ಅದೇ ಬಗೆಯ ಛಾಸಿಯ ಮೇಲೆ ಸೀಟು ಕೂರಿಸಿದರೆ ಬಸ್ಸು, ತೊಟ್ಟಿ ಕೂರಿಸಿದರೆ ಲಾರಿ. ಆದ್ದರಿಂದಲೇ ಹಳೆಯ ಬಸ್ಸಿನ ಮೈ ಬಿಚ್ಚಿ, ಗೋಡೆಯಿಲ್ಲದ ಸಪಾಟು ಹಲಗೆ ಕೂರಿಸಿ ಸರಕು ಹೊರಿಸುವ ಯೋಚನೆ ಸಹಜ.

ಆದರೆ ಲೆಕ್ಕ ಬೇರೆ. ಐವತ್ತು ಪ್ರಯಾಣಿಕರ ತೂಕ ಸುಮಾರು ಮೂರೂವರೆ ಟನ್, ಅದೂ ಬಸ್ಸಿನ ಉದ್ದಕ್ಕೂ ಹಂಚಿಹೋದದ್ದು. ಒಂದು ಘನ ಮೀಟರ್ ಗ್ರಾನೈಟೇ ಸುಮಾರು 2.7 ಟನ್ ತೂಗುತ್ತದೆ, ಅದು ಒಂದೇ ಕಡೆ ಕೂರುತ್ತದೆ. ಹಾಗಾಗಿ ಬಸ್ಸಿನ ಹಳೆಯ ನೆಲವನ್ನೇ ನಂಬುವಂತಿಲ್ಲ. ಛಾಸಿಯ ಮೇಲೆ ಹೊಸ ಉದ್ದತೊಲೆ, ಅಡ್ಡತೊಲೆಗಳ ಚೌಕಟ್ಟು ಬೇಕು.

ಬಸ್ಸಿನ ನೆಲ ಬೇರೆ ಕಾರಣಕ್ಕೂ ನಂಬಿಕೆಗೆ ಅರ್ಹವಲ್ಲ. ಪ್ಲೈವುಡ್ಡಿನ ಕೆಳಗೆ, ತಗಡು ಕೂಡುವ ಸಂದುಗಳಲ್ಲಿ ತೊಳೆದ ನೀರು ನಿಲ್ಲುತ್ತದೆ. ತುಕ್ಕು ಹಿಡಿಯಲು ನೀರು, ಗಾಳಿ ಎರಡೂ ಸೇರಬೇಕು. ಒಣಗದ ಸಂದಿನಲ್ಲಿ ಎರಡೂ ಸಿಗುತ್ತವೆ. ತುಕ್ಕಾದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ, ಪದರಗಳನ್ನು ಉಬ್ಬಿಸಿ ಬಿಡಿಸುತ್ತದೆ, ಬಿಟ್ಟ ಬಾಯಿಗೆ ಇನ್ನಷ್ಟು ನೀರು ಹೋಗುತ್ತದೆ.

ಇದರ ವಿರುದ್ಧ ಮನುಷ್ಯ ಹೂಡಿದ ಉಪಾಯಗಳು ಹಲವು. ದೆಹಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷ ನಿಂತದ್ದಕ್ಕೆ ಅದರೊಳಗಿನ ರಂಜಕವೇ ಮುಖ್ಯ ಕಾರಣವೆಂದು ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ವಿವರಿಸಿದರು. ನಮ್ಮಲ್ಲೇ, ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಮಲೆನಾಡಿನ ಮಳೆಗೆ ಮೈಯೊಡ್ಡಿ ಒಂದು ಕಬ್ಬಿಣದ ಕಂಬ ನಿಂತಿದೆ. ಇಂಗ್ಲೆಂಡಿನಲ್ಲಿ 1824ರಲ್ಲಿ ಹಂಫ್ರಿ ಡೇವಿ, ಯುದ್ಧನೌಕೆಗಳ ತಾಮ್ರದ ಹೊದಿಕೆ ಸವೆಯದಂತೆ ಅದಕ್ಕೆ ಕಬ್ಬಿಣ, ಸತುವಿನ ತುಂಡುಗಳನ್ನು ಜೋಡಿಸಿದ. ಆ ತುಂಡುಗಳು ಸವೆದವು, ತಾಮ್ರ ಉಳಿಯಿತು. ಆದರೆ ಸವೆಯದ ತಾಮ್ರಕ್ಕೆ ಕಡಲಜೀವಿಗಳು ಮೆತ್ತಿಕೊಂಡು ಹಡಗು ನಿಧಾನವಾಯಿತು! ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ 1837ರಲ್ಲಿ ಕಬ್ಬಿಣಕ್ಕೆ ಸತು ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ತಾನು ಸವೆದು ಇನ್ನೊಂದನ್ನು ಕಾಯುವ ಸತುವಿನ ಗುಣವೇ ಇಂದಿಗೂ ನಮ್ಮ ಜಿಂಕ್ ಶೀಟುಗಳ ಆಧಾರ.

ಹಲಗೆಯ ಚೌಕಟ್ಟಿಗೂ ಇದೇ ನಿಯಮ, ಆದರೆ ಕೆಲಸದ ಕ್ರಮ ತಪ್ಪಬಾರದು. ಸತು ಲೇಪಿಸಿದ ಮೇಲೆ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಜಾಗದಲ್ಲಿ ಲೇಪ ಸುಟ್ಟುಹೋಗುತ್ತದೆ, ಹೊಗೆ ಕೆಲಸಗಾರನಿಗೆ ಜ್ವರ ತರಿಸುತ್ತದೆ. ಮೊದಲು ಬೆಸೆಯಬೇಕು, ಆಮೇಲೆ ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಮುಳುಗಿಸಬೇಕು. ಪೆಟ್ಟಿಗೆ ಕೊಳವೆಗಳಿಗೆ ತೂತು ಬಿಡಬೇಕು. ಇಲ್ಲದಿದ್ದರೆ ಒಳಗಿನ ತೇವ ಉಗಿಯಾಗಿ ಕೊಳವೆ ಸಿಡಿಯಬಹುದು. ಅಲ್ಯೂಮಿನಿಯಂ ಹಾಳೆ ಹಾಸುವುದಾದರೆ ಉಕ್ಕಿಗೂ ಅದಕ್ಕೂ ನಡುವೆ ರಬ್ಬರ್ ಪಟ್ಟಿ ಇಡಬೇಕು. ಎರಡು ಲೋಹಗಳ ನಡುವೆ ನೀರು ನಿಂತರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಕೊನೆಯದಾಗಿ, ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಡಬೇಕು. ಎತ್ತಿನ ಗಾಡಿಯ ಹಲಗೆಗಳಲ್ಲೂ ಸಂದುಗಳಿರುತ್ತವೆ. ನೀರನ್ನು ತಡೆಯುವುದಕ್ಕಿಂತ ಹೋಗಲು ದಾರಿ ಬಿಡುವುದೇ ಲೇಸು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ವಿವರ ಬದಲಿಸುವುದಕ್ಕೆ ಕಡಿವಾಣ ಹಾಕುತ್ತದೆ. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗುತ್ತಿದೆ. ಸುರಕ್ಷತೆಗೆ ಇವು ಬೇಕು. ಆದರೆ ಆ ಬಸ್ಸುಗಳ ಜೊತೆ ಅವನ್ನು ಬೆಸೆದ, ಬಿಚ್ಚಿದ, ಮತ್ತೆ ಜೋಡಿಸಿದ ಕೈಗಳ ಅರಿವೂ ಗುಜರಿಗೆ ಹೋಗುತ್ತದೆ. ಯಾವ ತೊಲೆ ಎಲ್ಲಿ ಮೊದಲು ತುಕ್ಕು ಹಿಡಿಯುತ್ತದೆ ಎಂಬುದನ್ನು ಯಾರೂ ಶಾಸನ ಹಾಕಿಸಲಿಲ್ಲ. ಗೋಪರಾಜನ ಕಲ್ಲುಗಳಿಗೆ ಅವಸರವಿಲ್ಲ, ಅವು ಇನ್ನೂ ಕಾಯುತ್ತವೆ. ಚರಿತ್ರೆಯ ವಿದ್ಯಾರ್ಥಿ ಇಂದು ಮೊದಲು ಹೋಗಬೇಕಾದದ್ದು ವರ್ಕ್‌ಶಾಪಿಗೆ, ಅಲ್ಲಿನ ಹಿರಿಯ ಮೇಸ್ತ್ರಿಗಳು ಇನ್ನೂ ಕೆಲಸದಲ್ಲಿರುವಾಗಲೇ.