ರಸ್ತೆ ಕೆಲಸದ ಪಿಟೀಲುಗಾರ



41 ವರ್ಷ ರಸ್ತೆ ಇಲಾಖೆಯಲ್ಲಿ ಗ್ರೇಡರ್ ಯಂತ್ರ ಓಡಿಸಿ ನಿವೃತ್ತರಾದವರ ಮನೆಯನ್ನು ಯಾರು ತಾನೇ ಹುಡುಕಿಕೊಂಡು ಹೋಗುತ್ತಾರೆ? ಟಾಮಿ ಜ್ಯಾರೆಲ್ ಅವರ ಮನೆಗೆ ಹೋದರು, ಅದೂ ದೂರದೂರದ ಊರುಗಳಿಂದ.

ಅಮೆರಿಕದ ಅಪಲೇಷಿಯನ್ ಬೆಟ್ಟಸೀಮೆಗೆ ಸೇರಿದ, ನಾರ್ತ್ ಕ್ಯಾರೋಲಿನಾದ ರೌಂಡ್ ಪೀಕ್ ಎಂಬ ಹಳ್ಳಿಗಾಡಿನಲ್ಲಿ 1901ರಲ್ಲಿ ಹುಟ್ಟಿದವರು ಟಾಮಿ. ಏಳೆಂಟು ವರ್ಷದ ಹುಡುಗನಿದ್ದಾಗ, ಹೊಲದ ಕೆಲಸಕ್ಕೆ ಬಂದಿದ್ದ ಆಳೊಬ್ಬನಿಂದ ಬ್ಯಾಂಜೊ ಕಲಿತರು. 1915ರಲ್ಲಿ 10 ಡಾಲರ್ ಕೊಟ್ಟು ತಮ್ಮದೇ ಪಿಟೀಲು ಕೊಂಡರು. ತಂದೆ ಬೆನ್ ಜ್ಯಾರೆಲ್ ಕೂಡ ಒಳ್ಳೆಯ ಪಿಟೀಲುಗಾರ. 1927ರಲ್ಲಿ ಅವರ ತಂಡದ ಗ್ರಾಮಫೋನ್ ತಟ್ಟೆಗಳೂ ಬಂದವು. ಮಗ ಮಾತ್ರ ಆ ದಾರಿ ಹಿಡಿಯಲಿಲ್ಲ. 1925ರಲ್ಲಿ ರಸ್ತೆ ಕೆಲಸಕ್ಕೆ ಸೇರಿದರು. ಸಂಸಾರ ನಡೆಯಬೇಕಲ್ಲ!

ಅಲ್ಲಿಯ ಬ್ಯಾಂಜೊ ಬಗ್ಗೆ ಒಂದು ಮಾತು. ಅದರ ಮೂಲ ಆಫ್ರಿಕಾದ್ದು, ಗುಲಾಮರಾಗಿ ಬಂದವರು ತಂದದ್ದು. ರೌಂಡ್ ಪೀಕ್‌ನವರು ಇಷ್ಟಪಡುತ್ತಿದ್ದ ಬ್ಯಾಂಜೊಗೆ ಮೆಟ್ಟಿಲುಗಳೇ ಇಲ್ಲ. ನಮ್ಮ ಸರೋದ್ ಹಾಗೆ ಬೆರಳು ಜಾರಿಸಿ ಸ್ವರ ಹಿಡಿಯಬೇಕು. ಬಲಗೈ ಉಗುರಿನಿಂದ ತಂತಿಯನ್ನು ಕೆಳಕ್ಕೆ ಹೊಡೆಯುತ್ತಾ, ಹೆಬ್ಬೆರಳಿನಲ್ಲಿ ಗಿಡ್ಡ ಐದನೇ ತಂತಿ ಮೀಟುವುದು. ಪಿಟೀಲು, ಬ್ಯಾಂಜೊ ಎರಡೂ ಒಂದೇ ಮಟ್ಟನ್ನು ಒಟ್ಟಿಗೆ ನುಡಿಸುತ್ತವೆ. ಒಂದು ಮುಂದೆ, ಒಂದು ಪಕ್ಕವಾದ್ಯ ಎಂಬ ಲೆಕ್ಕ ಅಲ್ಲಿಲ್ಲ. ಎಲ್ಲವೂ ಕುಣಿತಕ್ಕಾಗಿ ಹುಟ್ಟಿದ ಸಂಗೀತ.

1966ರಲ್ಲಿ ನಿವೃತ್ತಿ. ಮರುವರ್ಷವೇ ಹೆಂಡತಿ ನೀನಾ ತೀರಿಕೊಂಡರು. ಒಂಟಿಯಾಗಿ ಉಳಿದ ಟಾಮಿ ಮತ್ತೆ ಪಿಟೀಲಿಗೆ ಮನಸ್ಸು ಕೊಟ್ಟರು. 1968ರಲ್ಲಿ ಫ್ರೆಡ್ ಕಾಕರ್‌ಹ್ಯಾಮ್, ಆಸ್ಕರ್ ಜೆಂಕಿನ್ಸ್ ಜೊತೆ ಧ್ವನಿಮುದ್ರಿಕೆ ಬಂತು. ಸ್ವಾರಸ್ಯವೆಂದರೆ, ಆಸ್ಕರ್ ಅವರ ತಂದೆಯೂ ಬೆನ್ ಅವರ ಆ 1927ರ ತಂಡದಲ್ಲೇ ಇದ್ದವರು!

ಮುಂದಿನದು ನಿಜಕ್ಕೂ ಬೆರಗಿನ ಕಥೆ. ಪಟ್ಟಣದ ಹುಡುಗ ಹುಡುಗಿಯರು ಟೇಪ್ ರೆಕಾರ್ಡರ್ ಹಿಡಿದು ಬಂದು ಬಾಗಿಲು ತಟ್ಟಿದರು. ಟಾಮಿ ಊಟ ಹಾಕಿದರು, ಮಲಗಲು ಜಾಗ ಕೊಟ್ಟರು, ಅದೇ ಮಟ್ಟನ್ನು ಮತ್ತೆ ಮತ್ತೆ ನುಡಿಸಿ ತೋರಿಸಿದರು. ಇಂದು ಲೋಕದಾದ್ಯಂತ 'ರೌಂಡ್ ಪೀಕ್ ಶೈಲಿ' ಎನ್ನುವವರಲ್ಲಿ ಬಹಳಷ್ಟು ಮಂದಿಯ ಕಲಿಕೆಯ ಬೇರು ಆ ಮನೆಯಲ್ಲೋ, ಅಲ್ಲಿ ತುಂಬಿಕೊಂಡ ಟೇಪುಗಳಲ್ಲೋ ಇದೆ.

1982ರಲ್ಲಿ ನ್ಯಾಷನಲ್ ಹೆರಿಟೇಜ್ ಫೆಲೋಷಿಪ್ ಗೌರವ ಮೊದಲ ಬಾರಿ ಕೊಟ್ಟಾಗ ಪಡೆದವರಲ್ಲಿ ಟಾಮಿಯೂ ಒಬ್ಬರು. ಮರುವರ್ಷ ಲೆಸ್ ಬ್ಲ್ಯಾಂಕ್ ಮತ್ತು ಗೆಳೆಯರು ಅವರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. 1985ರ ಜನವರಿಯಲ್ಲಿ ಟಾಮಿ ತೀರಿಕೊಂಡರು. ಆ 10 ಡಾಲರ್ ಪಿಟೀಲು ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.